ಫಾರ್ಮ್ಯಾಟ್‌ಗೆ ಒಪ್ಪದೆ ಲಾಗ್ ಓದಿದ ಮೂರು ದಿನ

2025ರ ಅಕ್ಟೋಬರ್ 14, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ಕಂಪ್ಯೂಟರ್ ಆನ್ ಮಾಡಿ ಕಾಫಿ ಮಾಡಿಕೊಳ್ಳಲು ಒಳಗೆ ಹೋದೆ. ಲೋಟ ಹಿಡಿದು ಬಂದರೆ ಪರದೆ ಕಪ್ಪಗಿತ್ತು. ಅದರ ಮೇಲೆ ಬಿಳಿ ಅಕ್ಷರದ ನಾಲ್ಕೈದು ಸಾಲು. ಮೊದಲ ಸಾಲಿನಲ್ಲೇ ‘ಎಮರ್ಜೆನ್ಸಿ ಮೋಡ್’ ಅಂತ ಇತ್ತು. ಎದೆ ಧಸಕ್ಕೆಂದಿತು.

ನಾನು ಮೈಸೂರಿನ ಕುವೆಂಪುನಗರದಲ್ಲಿ ಮನೆಯಿಂದಲೇ ಕನ್ನಡ ಟೈಪಿಂಗ್ ಮತ್ತು ಪುಟವಿನ್ಯಾಸದ ಕೆಲಸ ಮಾಡುತ್ತೇನೆ. ಹೆಚ್ಚಿನವು ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧಗಳು. ಅವತ್ತು ಕೈಯಲ್ಲಿದ್ದದ್ದು 312 ಪುಟದ ಒಂದು ಪಿಎಚ್‌.ಡಿ. ಪ್ರಬಂಧ. ಶುಕ್ರವಾರ ಪ್ರಿಂಟ್‌ಗೆ ಕೊಡಬೇಕಿತ್ತು. ಕೊನೆಯ ಸುತ್ತಿನ ತಿದ್ದುಪಡಿಗಳೆಲ್ಲ ಈ ಒಂದೇ ಕಂಪ್ಯೂಟರ್‌ನಲ್ಲಿದ್ದವು.

ನನ್ನ ಕಂಪ್ಯೂಟರ್‌ನಲ್ಲಿ ಎರಡು ಡಿಸ್ಕ್ ಇವೆ. ಒಂದು 240 ಜಿಬಿಯ ಎಸ್‌ಎಸ್‌ಡಿ, ಅದರಲ್ಲಿ ಉಬುಂಟು 22.04 ಇದೆ. ವಿಂಡೋಸ್ ಥರವೇ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ, ಅಂದರೆ ಓಎಸ್ ಅದು. ಇನ್ನೊಂದು 1 ಟಿಬಿಯ ಹಳೆಯ ಹಾರ್ಡ್ ಡಿಸ್ಕ್, ಅದರಲ್ಲಿ ಏಳು ವರ್ಷದ ಕೆಲಸ. ಜೊತೆಗೆ ಅಪ್ಪ ಕೊನೆಯ ವರ್ಷ ಹೇಳಿ ಬರೆಸಿದ ನೆನಪುಗಳ ಫೈಲೂ ಅಲ್ಲೇ. ಎರಡು ಡಿಸ್ಕ್ ಅನ್ನುವುದು ಮುಂದೆ ಮುಖ್ಯವಾಗುತ್ತದೆ.

ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಮೂರು ಸಲವೂ ಅದೇ ಕಥೆ. ಲೋಗೋ ಬರುತ್ತದೆ, ಕೆಳಗೆ ಚಕ್ರ ಸುತ್ತುತ್ತದೆ, ಸುಮಾರು ಒಂದೂವರೆ ನಿಮಿಷ ಸುತ್ತುತ್ತಲೇ ಇರುತ್ತದೆ, ಆಮೇಲೆ ಕಪ್ಪು ಪರದೆ. ಆ ಒಂದೂವರೆ ನಿಮಿಷವೇ ದೊಡ್ಡ ಸುಳಿವು ಅಂತ ಆಗ ನನಗೆ ಗೊತ್ತಿರಲಿಲ್ಲ.

ಗಾಬರಿಯಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಸಿಪಿಯು ಡಬ್ಬವನ್ನು ಹಳೆಯ ಬೆಡ್‌ಶೀಟ್‌ನಲ್ಲಿ ಸುತ್ತಿ, ಆಟೋದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ. ಹೋಗಿ ಬರಲು ಆಟೋಗೆ 240 ರೂಪಾಯಿ. ಅಂಗಡಿಯಲ್ಲಿ ಒಂದು ಗಂಟೆ ಕಾದ ಮೇಲೆ ಹುಡುಗನೊಬ್ಬ ಮಾನಿಟರ್‌ಗೆ ಸಿಕ್ಕಿಸಿ ನೋಡಿದ. ಬಿಳಿ ಅಕ್ಷರಗಳನ್ನು ಓದಲಿಲ್ಲ.

“ಓಎಸ್ ಕರಪ್ಟ್ ಆಗಿದೆ ಮೇಡಂ. ಹಾರ್ಡ್ ಡಿಸ್ಕೂ ತೋರಿಸ್ತಿಲ್ಲ, ಅದೂ ಹೋಗಿದೆ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕ್ಕೊಡ್ತೀವಿ.”

“ಅದರಲ್ಲಿರೋ ಫೈಲ್‌ಗಳು?”

“ಡೇಟಾ ರಿಕವರಿಗೆ ಹೊರಗಡೆ ಕಳಿಸಬೇಕು. ಒಂಬತ್ತು ಸಾವಿರದಿಂದ ಶುರು. ಗ್ಯಾರಂಟಿ ಕೊಡಕ್ಕಾಗಲ್ಲ.”

ಹೊಸ ಡಿಸ್ಕ್ ಬೇರೆ, ಕೂಲಿ ಬೇರೆ. ಲೆಕ್ಕ ಹಾಕಿದರೆ ಹದಿನಾಲ್ಕು ಸಾವಿರದ ಹತ್ತಿರ. ಒಪ್ಪಿಕೊಂಡೇ ಬಿಡುತ್ತಿದ್ದೆ. ತಡೆದದ್ದು ಒಂದೇ ಯೋಚನೆ. ಡಿಸ್ಕ್ ಹೋಗಿದೆ ಅನ್ನುತ್ತಾರೆ, ಓಎಸ್ ಹೋಗಿದೆ ಅಂತಲೂ ಅನ್ನುತ್ತಾರೆ, ಆದರೆ ಓಎಸ್ ಇರುವುದು ಬೇರೆ ಡಿಸ್ಕ್‌ನಲ್ಲಿ ಅಲ್ವಾ? ಎರಡೂ ಒಂದೇ ರಾತ್ರಿ ಹಾಳಾಗುತ್ತವೆಯೇ? ಆ ಹುಡುಗ ಕೆಟ್ಟವನಲ್ಲ. ದಿನಕ್ಕೆ ಇಪ್ಪತ್ತು ಡಬ್ಬ ಬರುವ ಕಡೆ ಒಂದೊಂದನ್ನೂ ಕೂತು ಓದಲು ಆಗುವುದಿಲ್ಲ. ಚೆಕಿಂಗ್ ಚಾರ್ಜ್ ಅಂತ 300 ರೂಪಾಯಿ ಕೊಟ್ಟು ಡಬ್ಬ ವಾಪಸ್ ತಂದೆ.

ನನ್ನ ಚಿಕ್ಕಮ್ಮನ ಮಗ ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಈ ಉಬುಂಟುವನ್ನು 2022ರಲ್ಲಿ ಹಾಕಿಕೊಟ್ಟವನೂ ಅವನೇ. ರಾತ್ರಿ ಹತ್ತರ ಮೇಲೆ ಫೋನಿಗೆ ಸಿಕ್ಕಿದ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ.

“ಅಕ್ಕ, ಪರದೆ ಮೇಲೆ ಏನು ಬರೆದಿದೆ, ಅದನ್ನ ಓದಿ ಹೇಳು.”

ಬೆಳಿಗ್ಗೆಯಿಂದ ನಾನೂ ಅದನ್ನು ಪೂರ್ತಿ ಓದಿರಲಿಲ್ಲ. ನಿಧಾನವಾಗಿ ಓದಿದೆ. ನೀವು ಎಮರ್ಜೆನ್ಸಿ ಮೋಡ್‌ನಲ್ಲಿದ್ದೀರಿ, ಲಾಗ್ (ಕಂಪ್ಯೂಟರ್ ತನ್ನೊಳಗೆ ಆದದ್ದನ್ನು ಬರೆದಿಡುವ ದಾಖಲೆ) ನೋಡಲು ಈ ಕಮಾಂಡ್ ಕೊಡಿ, ಮತ್ತೆ ಶುರು ಮಾಡಲು ಈ ಕಮಾಂಡ್ ಕೊಡಿ, ಮುಂದುವರಿಯಲು ಎಂಟರ್ ಒತ್ತಿ. ಇಷ್ಟೇ. ಏನು ಮಾಡಬೇಕು ಅಂತ ಕಂಪ್ಯೂಟರ್ ತಾನೇ ಹೇಳುತ್ತಿತ್ತು.

“ಓಎಸ್ ಸತ್ತಿದ್ರೆ ಇಷ್ಟೂ ಬರ್ತಿರ್ಲಿಲ್ಲ ಅಕ್ಕ. ಅದು ಅರ್ಧ ದಾರಿ ಬಂದು ನಿಂತಿದೆ. ಯಾಕೆ ನಿಂತಿದೆ ಅಂತ ಬರೆದಿಟ್ಟಿರತ್ತೆ. ಹುಡುಕೋಣ.”

ಆ ಮಾತು ಕೇಳಿ ಜೀವ ಬಂದಂತಾಯಿತು.

ಕಮಾಂಡ್ ಅನ್ನು ಅವನು ಫೋನಿನಲ್ಲಿ ಅಕ್ಷರ ಅಕ್ಷರ ಹೇಳಿದ. ‘ಜರ್ನಲ್’ ಅನ್ನುವ ಇಂಗ್ಲಿಷ್ ಪದ, ಅದಕ್ಕೆ ಅಂಟಿಕೊಂಡೇ ಸಿ, ಟಿ, ಎಲ್. ಒಂದು ಸ್ಪೇಸ್. ಒಂದು ಸಣ್ಣ ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಎಕ್ಸ್, ಬಿ. ಎಂಟರ್. ಇಲ್ಲಿ ನಾನು ಹತ್ತು ನಿಮಿಷ ಕಳೆದೆ. ಪರದೆಯ ಮೇಲೆ ಸಣ್ಣ ಎಲ್ ಅಕ್ಷರವೂ ಒಂದು ಅನ್ನುವ ಅಂಕಿಯೂ ಒಂದೇ ಥರ ಕಾಣುತ್ತಿದ್ದವು. ಸಿ-ಟಿ-ಎಲ್ ಅನ್ನುವುದು ಕಂಟ್ರೋಲ್ ಪದದ ಚುಟುಕು ಅಂತ ನೆನಪಿಟ್ಟುಕೊಂಡರೆ ಈ ಗೊಂದಲ ಬರುವುದಿಲ್ಲ.

ಬಂತು ಲಾಗ್. ಸಾವಿರಾರು ಸಾಲು. ಸ್ಪೇಸ್ ಒತ್ತಿದರೆ ಒಂದು ಪುಟ ಮುಂದೆ, ದೊಡ್ಡ ಜಿ ಒತ್ತಿದರೆ ಕೊನೆಗೆ, ಕ್ಯೂ ಒತ್ತಿದರೆ ಹೊರಗೆ. ನಡುನಡುವೆ ಕೆಂಪು ಸಾಲುಗಳು. ಮೊದಲ ಕೆಂಪು ಸಾಲಿನಲ್ಲೇ ‘ಎಸಿಪಿಐ’ ಮತ್ತು ‘ಬಯೋಸ್ ಎರರ್’ ಅನ್ನುವ ಪದಗಳು. ಎರಡೂ ಮದರ್‌ಬೋರ್ಡ್‌ಗೆ ಸಂಬಂಧಿಸಿದವು. ಸಿಕ್ಕಿತು ಕಳ್ಳ ಅಂದುಕೊಂಡು ಒಂದೂವರೆ ಗಂಟೆ ಅದರ ಹಿಂದೆ ಬಿದ್ದೆವು. ತಮ್ಮನಿಗೂ ಮೊದಲು ಅದೇ ಅನುಮಾನ ಇತ್ತು. ಮದರ್‌ಬೋರ್ಡ್ ಹೋಗಿದ್ದರೆ ಏನು ಗತಿ ಅಂತ ನನ್ನ ಹೊಟ್ಟೆಯಲ್ಲಿ ಸಂಕಟ.

ಆಮೇಲೆ ಅವನಿಗೆ ಹೊಳೆಯಿತು. “ಅಕ್ಕ, ಚೆನ್ನಾಗಿ ಆನ್ ಆಗ್ತಿದ್ದ ದಿನದ ಲಾಗ್ ತೆಗಿ. ಅದರಲ್ಲೂ ಈ ಸಾಲು ಇದ್ರೆ, ಇದು ಕಾರಣ ಅಲ್ಲ.”

ಉಬುಂಟು ಹಳೆಯ ದಿನಗಳ ಲಾಗನ್ನೂ ಇಟ್ಟುಕೊಂಡಿರುತ್ತದೆ. ಅದೇ ಕಮಾಂಡ್‌ಗೆ ಎರಡು ಅಡ್ಡಗೆರೆ ಹಾಕಿ ‘ಲಿಸ್ಟ್’, ಮತ್ತೊಂದು ಗೆರೆ, ‘ಬೂಟ್ಸ್’ ಅಂತ ಕೊಟ್ಟರೆ, ಕಂಪ್ಯೂಟರ್ ಯಾವ್ಯಾವ ದಿನ ಎಷ್ಟು ಹೊತ್ತಿಗೆ ಆನ್ ಆಗಿತ್ತು ಅನ್ನುವ ಪಟ್ಟಿ ಬರುತ್ತದೆ. ಈಗಿನದು ಸೊನ್ನೆ, ಅದರ ಹಿಂದಿನದು ಮೈನಸ್ ಒಂದು, ಅದರ ಹಿಂದಿನದು ಮೈನಸ್ ಎರಡು. ಬೆಳಿಗ್ಗೆ ಗಾಬರಿಯಲ್ಲಿ ಮೂರು ಸಲ ಆನ್ ಮಾಡಿದ್ದೂ, ಅಂಗಡಿಯಲ್ಲಿ ಆನ್ ಮಾಡಿದ್ದೂ ಗಂಟೆ ನಿಮಿಷದ ಸಮೇತ ಅಲ್ಲಿತ್ತು. ಸೆಪ್ಟೆಂಬರ್ 29ರ ಲಾಗ್ ತೆಗೆದೆವು. ಆ ದಿನ ಇಡೀ ದಿನ ಕೆಲಸ ಮಾಡಿದ್ದೆ, ತೊಂದರೆ ಇರಲಿಲ್ಲ. ಅದೇ ಎಸಿಪಿಐ ಸಾಲು, ಅಷ್ಟೇ ಕೆಂಪಗೆ, ಅಲ್ಲೂ ಇತ್ತು.

ನೀವೂ ಲಾಗ್ ಓದಲು ಕೂತರೆ ದಯವಿಟ್ಟು ಇದನ್ನು ಮೊದಲು ಮಾಡಿ. ಕೆಂಪು ಸಾಲು ಕಂಡ ಕೂಡಲೇ ಹೆದರಬೇಡಿ. ಆರೋಗ್ಯವಾಗಿರುವ ಕಂಪ್ಯೂಟರ್‌ನಲ್ಲೂ ಪ್ರತಿದಿನ ನಾಲ್ಕಾರು ಕೆಂಪು ಸಾಲು ಬರುತ್ತವೆ. ಒಂದು ನೋಟ್‌ಬುಕ್‌ನಲ್ಲಿ ಎಡಗಡೆ ಒಳ್ಳೆಯ ದಿನದ ಎರರ್‌ಗಳು, ಬಲಗಡೆ ಕೆಟ್ಟ ದಿನದವು ಬರೆದುಕೊಳ್ಳಿ. ಎರಡೂ ಕಡೆ ಇರುವುದನ್ನು ಹೊಡೆದುಹಾಕಿ. ಎರರ್ ಸಾಲುಗಳು ಮಾತ್ರ ಬೇಕಾದರೆ ಕಮಾಂಡ್‌ನ ಕೊನೆಗೆ ಸ್ಪೇಸ್, ಗೆರೆ, ಪಿ, ಸ್ಪೇಸ್, ಇ-ಆರ್-ಆರ್ ಅಂತ ಸೇರಿಸಿ. ಸಾವಿರಾರು ಸಾಲು ಮೂವತ್ತಕ್ಕೆ ಇಳಿಯುತ್ತದೆ. ನನಗೆ ಎಲ್ಲ ಹೊಡೆದುಹಾಕಿದ ಮೇಲೆ ಬಲಗಡೆ ಉಳಿದದ್ದು ಐದೇ ಸಾಲು.

ಆ ಐದರಲ್ಲಿ ನಾಲ್ಕು ‘ಡಿಪೆಂಡೆನ್ಸಿ ಫೇಲ್ಡ್’ ಅನ್ನುವ ಥರದವು. ಅವು ಪರಿಣಾಮ, ಕಾರಣವಲ್ಲ. ಮೊದಲನೆಯವನು ಬರಲಿಲ್ಲ, ಅದಕ್ಕೆ ನಾವೂ ನಿಂತೆವು ಅಂತ ಹೇಳುವ ಸಾಲುಗಳು. ಅವುಗಳಿಗಿಂತ ಮೇಲೆ, ಎಲ್ಲಕ್ಕಿಂತ ಮೊದಲು, ಒಂದು ಸಾಲು ಇತ್ತು. ಇಂಥ ಗುರುತಿನ ಡಿಸ್ಕ್‌ಗಾಗಿ ಕಾದು ಸಮಯ ಮುಗಿಯಿತು ಅಂತ. ಗುರುತು ಅಂದರೆ ಯುಯುಐಡಿ, ಅಂಕಿ ಅಕ್ಷರ ಬೆರೆತ ಉದ್ದನೆಯ ಸರ. ತಮ್ಮ ತನ್ನ ಹಳೆಯ ಟಿಪ್ಪಣಿ ತೆಗೆದು ತಾಳೆ ನೋಡಿದ. ಅದು ನನ್ನ 1 ಟಿಬಿ ಡಿಸ್ಕ್‌ನ ಗುರುತು.

ಒಂದೂವರೆ ನಿಮಿಷದ ಲೆಕ್ಕ ಆಗ ಬಿಡಿಸಿಕೊಂಡಿತು. ಡಿಸ್ಕ್ ಬರಲಿ ಅಂತ ಉಬುಂಟು ಕಾಯುವುದು 90 ಸೆಕೆಂಡ್. ಬರದಿದ್ದರೆ ನಿಂತುಬಿಡುತ್ತದೆ. ಚಕ್ರ ಸುತ್ತುವಾಗ ಎಸ್ಕೇಪ್ ಕೀ ಒತ್ತಿದ್ದರೆ ಹಿಂದೆ ಓಡುವ ಸಾಲುಗಳು ಕಾಣುತ್ತಿದ್ದವು, ಯಾವುದಕ್ಕೆ ಕಾಯುತ್ತಿದೆ ಅನ್ನುವುದೂ ಸೆಕೆಂಡ್ ಎಣಿಕೆಯೂ ಕಾಣುತ್ತಿದ್ದವು. ಬೆಳಿಗ್ಗೆಯೇ ಗೊತ್ತಿದ್ದರೆ ಆಟೋ ಹತ್ತುತ್ತಲೇ ಇರಲಿಲ್ಲ.

ಯಾವ ಡಿಸ್ಕ್ ಎಲ್ಲಿ ತೆರೆದುಕೊಳ್ಳಬೇಕು ಅಂತ ‘ಎಫ್‌ಎಸ್‌ಟ್ಯಾಬ್’ ಅನ್ನುವ ಫೈಲ್‌ನಲ್ಲಿ ಬರೆದಿರುತ್ತದೆ. ಕೆಲಸದ ಡಿಸ್ಕ್‌ನ ಸಾಲಿಗೆ ‘ನೋಫೇಲ್’ ಅನ್ನುವ ಪದ ಸೇರಿಸಿದ್ದರೆ, ಡಿಸ್ಕ್ ಸಿಗದಿದ್ದರೂ ಕಂಪ್ಯೂಟರ್ ಆನ್ ಆಗುತ್ತಿತ್ತು. 2022ರಲ್ಲಿ ಅದನ್ನು ಸೇರಿಸಿರಲಿಲ್ಲ. “ಅದು ನನ್ನ ತಪ್ಪು ಅಕ್ಕ” ಅಂದ. ನಡುರಾತ್ರಿ ಒಂದು ಗಂಟೆವರೆಗೆ ಫೋನ್ ಹಿಡಿದು ಕೂತವನ ಮೇಲೆ ಕೋಪ ಎಲ್ಲಿಂದ ಬರಬೇಕು?

ಬುಧವಾರ ಬೆಳಿಗ್ಗೆ ಆ ಫೈಲ್‌ನ ಒಂದು ನಕಲು ಇಟ್ಟುಕೊಂಡು, ನ್ಯಾನೋ ಎಡಿಟರ್‌ನಲ್ಲಿ ತೆರೆದು, ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದೆ. ಹಾಗೆ ಮಾಡಿದರೆ ಆ ಸಾಲನ್ನು ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರೆ ಸಾಲುಗಳನ್ನು ಮುಟ್ಟಲೇಬೇಡಿ, ಅವು ಓಎಸ್‌ಗೆ ಬೇಕಾದವು. ರೀಬೂಟ್ ಕೊಟ್ಟೆ. ಅರ್ಧ ನಿಮಿಷದಲ್ಲಿ ನನ್ನ ಡೆಸ್ಕ್‌ಟಾಪ್ ಎದುರಿಗಿತ್ತು. ಹದಿನಾಲ್ಕು ಸಾವಿರದ ಲೆಕ್ಕದಲ್ಲಿ ‘ಓಎಸ್ ಕರಪ್ಟ್’ ಅನ್ನುವ ಭಾಗ ಅಲ್ಲಿಗೆ ಮುಗಿಯಿತು.

ಆದರೆ ಕೆಲಸದ ಫೋಲ್ಡರ್ ತೆರೆದರೆ ಖಾಲಿ. ಅದನ್ನು ನೋಡಿದಾಗ ಆದ ನೋವು ಹೇಳತೀರದು. ಫೈಲ್ ಅಳಿಸಿಹೋಗಿಲ್ಲ, ಡಿಸ್ಕ್ ಸೇರಿಕೊಂಡಿಲ್ಲ ಅಷ್ಟೇ ಅಂತ ಗೊತ್ತಿದ್ದರೂ ಮನಸ್ಸು ಕೇಳಲಿಲ್ಲ. ಈ ಖಾಲಿ ಫೋಲ್ಡರ್ ಬಗ್ಗೆ ಇನ್ನೊಂದು ಎಚ್ಚರ. ಅದರೊಳಗೆ ಹೊಸ ಫೈಲ್ ಸೇವ್ ಮಾಡಬೇಡಿ. ಅದು ಓಎಸ್ ಇರುವ ಡಿಸ್ಕ್‌ಗೆ ಹೋಗಿ ಕೂರುತ್ತದೆ. ಆಮೇಲೆ ಹಳೆಯ ಡಿಸ್ಕ್ ಸೇರಿಕೊಂಡಾಗ ಮರೆಯಾಗಿ ಗೊಂದಲವಾಗುತ್ತದೆ.

ಡಿಸ್ಕ್ ಯಾಕೆ ಕಾಣಿಸುತ್ತಿಲ್ಲ? ಇದಕ್ಕೆ ಕರ್ನಲ್‌ನ, ಅಂದರೆ ಯಂತ್ರದ ಭಾಗಗಳ ಜೊತೆ ಮಾತಾಡುವ ಓಎಸ್‌ನ ತಿರುಳಿನ, ಲಾಗ್ ಬೇಕು. ಅದೇ ಜರ್ನಲ್ ಕಮಾಂಡ್‌ಗೆ ಗೆರೆ ಕೆ ಸೇರಿಸಿದರೆ ಸಾಕು. ಡಿಸ್ಕ್ ಸಿಕ್ಕಿಸುವ ಪೋರ್ಟ್‌ಗಳಲ್ಲಿ ‘ಎಟಿಎ 2’ ಅನ್ನುವ ಕಡೆ ‘ಸಾಟಾ ಲಿಂಕ್ ಡೌನ್’ ಅಂತಿತ್ತು. ಅಂದರೆ ಆ ಪೋರ್ಟ್‌ನಲ್ಲಿ ಯಾರೂ ಉತ್ತರ ಕೊಡುತ್ತಿಲ್ಲ. ಡಿಸ್ಕ್ ಸತ್ತಿರಬಹುದು, ಕೇಬಲ್ ಬಿಟ್ಟಿರಬಹುದು. ಒಂದೇ ಸಾಲಿನಿಂದ ತೀರ್ಮಾನಕ್ಕೆ ಬರಲು ಆಗುವುದಿಲ್ಲ.

ಬುಧವಾರ ಸಂಜೆ ತಮ್ಮನಿಗೆ ಬಿಡುವಿರಲಿಲ್ಲ. ನಾನೊಬ್ಬಳೇ ಕೂತೆ. ಪಟ್ಟಿಯಲ್ಲಿದ್ದ ದಿನಗಳನ್ನು ಒಂದೊಂದಾಗಿ ಹಿಂದಕ್ಕೆ ತೆರೆದು ‘ಎಟಿಎ 2’ ಅಂತ ಹುಡುಕಿದೆ. ಲಾಗ್ ತೆರೆದಾಗ ಓರೆಗೆರೆ ಒತ್ತಿ ಪದ ಬರೆದು ಎಂಟರ್ ಕೊಟ್ಟರೆ ಹುಡುಕಿಕೊಡುತ್ತದೆ. ಅಕ್ಟೋಬರ್ 13ರಂದು ಆ ಹೆಸರಿನ ತುಂಬ ಸಾಲುಗಳು. ಲಿಂಕ್ ನಿಧಾನವಾಗಿದೆ, ಮತ್ತೆ ಜೋಡಿಸುತ್ತಿದ್ದೇನೆ, ಮತ್ತೆ ಜೋಡಿಸುತ್ತಿದ್ದೇನೆ ಅಂತ. 11ರಂದು ವೇಗವನ್ನು 1.5 ಗಿಗಾಬಿಟ್‌ಗೆ ಇಳಿಸಿದ್ದೇನೆ ಅಂತ. 6ರಂದು 3 ಗಿಗಾಬಿಟ್. ಸರಿಯಾಗಿದ್ದಾಗ ಅದು 6 ಇರಬೇಕು. ಆ ದಿನಗಳಲ್ಲಿ ಫೈಲ್ ತೆರೆಯುವಾಗ ಕಂಪ್ಯೂಟರ್ ಐದಾರು ಸೆಕೆಂಡ್ ಸ್ತಬ್ಧವಾಗುತ್ತಿತ್ತು. ಹಳೆಯದಾಯಿತು ಅಂದುಕೊಂಡು ಸುಮ್ನಿದ್ದೆ. ಹದಿಮೂರು ದಿನದಿಂದ ಅದು ಹೇಳುತ್ತಲೇ ಇತ್ತು.

ಇನ್ನೂ ಹಿಂದಕ್ಕೆ ಹೋದೆ. ಮೊದಲ ದೂರು ಅಕ್ಟೋಬರ್ 1, ಸಂಜೆ 6:52. ಸೆಪ್ಟೆಂಬರ್ 30ರಂದು ಒಂದೂ ಇಲ್ಲ, ಅದಕ್ಕೂ ಹಿಂದೆ ಒಂದೂ ಇಲ್ಲ.

ಅಕ್ಟೋಬರ್ 1 ಆಯುಧಪೂಜೆ.

ಮೈಸೂರಿನವರಿಗೆ ಇನ್ನು ಬಿಡಿಸಿ ಹೇಳಬೇಕಿಲ್ಲ. ಅವತ್ತು ಮನೆಯ ಸ್ಕೂಟರ್, ಹೊಲಿಗೆ ಮಷೀನು, ಮಿಕ್ಸಿ, ಕಂಪ್ಯೂಟರ್ ಎಲ್ಲ ತೊಳೆದು ಒರೆಸಿ ಪೂಜೆ ಮಾಡಿದ್ದೆವು. ಸಿಪಿಯು ಡಬ್ಬದ ಪಕ್ಕದ ಬಾಗಿಲು ಬಿಚ್ಚಿ ಬ್ರಶ್‌ನಲ್ಲಿ ಧೂಳು ತೆಗೆದದ್ದು ನನ್ನ ಮಗ, ಒಂಬತ್ತನೇ ಕ್ಲಾಸು. ತೆಗಿ ಅಂತ ಹೇಳಿದ್ದು ನಾನು. ಆಮೇಲೆ ಸೇವಂತಿಗೆ ಹಾರ ಹಾಕಿ, ಕುಂಕುಮ ಇಟ್ಟು, ಸಂಜೆ ಆನ್ ಮಾಡಿದ್ದೆ. ಆರೂವರೆ ಮೇಲೆ ಇರಬೇಕು.

ಲಾಗ್‌ನ ಆ ಮೊದಲ ದೂರಿನಲ್ಲಿ ‘ಐಸಿಆರ್‌ಸಿ’ ಅನ್ನುವ ಪದ ಇತ್ತು. ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಅವನ ಉತ್ತರ ಬಂತು. ಡಿಸ್ಕ್ ಕಳಿಸಿದ ಮಾಹಿತಿಯೂ ಮದರ್‌ಬೋರ್ಡ್‌ಗೆ ತಲುಪಿದ ಮಾಹಿತಿಯೂ ತಾಳೆಯಾಗುತ್ತಿಲ್ಲ, ದಾರಿಯಲ್ಲಿ ಕೆಡುತ್ತಿದೆ ಅಂತ ಅದರ ಅರ್ಥ. ದಾರಿ ಅಂದರೆ ಕೇಬಲ್. “ನಾಳೆ ಬಾಗಿಲು ತೆಗೆದು ನೋಡು ಅಕ್ಕ. ಪ್ಲಗ್ ಗೋಡೆಯಿಂದ ಕಿತ್ತು, ಪವರ್ ಬಟನ್ ಒಂದ್ಸಲ ಒತ್ತಿ, ಡಬ್ಬದ ಕಬ್ಬಿಣ ಮುಟ್ಟಿ, ಆಮೇಲೆ ಕೈ ಹಾಕು.”

ಗುರುವಾರ ಮಗ ಸ್ಕೂಲಿಗೆ ಹೋಗುವ ಮೊದಲೇ ಬಾಗಿಲು ಬಿಚ್ಚಿದೆ. ಅವನೂ ಬಂದು ನಿಂತ. ಒಳಗಿನ ವೈರುಗಳನ್ನೆಲ್ಲ ಒಟ್ಟುಮಾಡಿ ಹಸಿರು ರಬ್ಬರ್ ಬ್ಯಾಂಡ್ ಹಾಕಿತ್ತು. ಅವತ್ತು ಚೆನ್ನಾಗಿ ಕಾಣಲಿ ಅಂತ ಅವನೇ ಹಾಕಿದ್ದು. ಆ ಕಟ್ಟಿನೊಳಗೆ ಕೆಂಪು ಬಣ್ಣದ ತೆಳು ಸಾಟಾ ಕೇಬಲ್ ಬಿಗಿಯಾಗಿ ಎಳೆದುಕೊಂಡು, ಡಿಸ್ಕ್‌ನ ಬಾಯಿಯ ಹತ್ತಿರ ಮಡಚಿದ ಕಾಗದದ ಹಾಗೆ ಮುರಿದು ನಿಂತಿತ್ತು. ತುದಿ ಒಂದು ಕಡೆಯಿಂದ ಅರ್ಧ ಆಚೆ ಬಂದಿತ್ತು. ಲೋಹದ ಕ್ಲಿಪ್ ಇಲ್ಲದ ಹಳೆಯ ಕೇಬಲ್ ಅದು, ಹಿಡಿದುಕೊಳ್ಳಲು ಏನೂ ಇಲ್ಲ.

ಮಗನ ಮುಖ ಸಣ್ಣದಾಯಿತು. ಅವನ ಭುಜ ಹಿಡಿದು, ನಿನ್ನದೇನೂ ತಪ್ಪಿಲ್ಲ ಕಂದಾ, ಹೇಳಿದ್ದು ನಾನಲ್ವಾ ಅಂದೆ. ರಬ್ಬರ್ ಬ್ಯಾಂಡ್ ಅವನೇ ಬಿಚ್ಚಿದ.

ಕೇಬಲ್ ಒತ್ತಿ ಕೂರಿಸಿ ಆನ್ ಮಾಡಿದಾಗ ಡಿಸ್ಕ್ ಕಾಣಿಸಿತು. ಮೊದಲು ಮಾಡಿದ ಕೆಲಸ, ಪ್ರಬಂಧವನ್ನೂ ಅಪ್ಪನ ಫೈಲನ್ನೂ 64 ಜಿಬಿಯ ಪೆನ್‌ಡ್ರೈವ್‌ಗೆ ಇಳಿಸಿದ್ದು. ಬೇರೆ ಏನನ್ನೂ ಪರೀಕ್ಷೆ ಮಾಡುವ ಮೊದಲು ಇದನ್ನೇ ಮಾಡಿ. ಆಮೇಲೆ ಬೇರೆ ಅಂಗಡಿಯಿಂದ ಕ್ಲಿಪ್ ಇರುವ ಹೊಸ ಕೇಬಲ್ ತಂದೆ, 150 ರೂಪಾಯಿ. ಕೂರಿಸುವಾಗ ಟಕ್ ಅಂತ ಸದ್ದು ಬರುತ್ತದೆ. ಬಂದರೆ ಮಾತ್ರ ಸರಿಯಾಗಿ ಕೂತಿದೆ ಅಂತ.

ಡಿಸ್ಕ್ ನಿಜವಾಗಿಯೂ ಆರೋಗ್ಯವಾಗಿದೆಯೇ ಅನ್ನುವುದು ಉಳಿದಿತ್ತು. ಅದಕ್ಕೆ ‘ಸ್ಮಾರ್ಟ್‌ಮಾನ್‌ಟೂಲ್ಸ್’ ಅನ್ನುವ ಪ್ಯಾಕೇಜ್ ಹಾಕಿಕೊಂಡು ನೋಡಬೇಕು. ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟ ಲೆಕ್ಕ ಅದು. ಉದ್ದನೆಯ ಪಟ್ಟಿಯಲ್ಲಿ ನಾನು ನೋಡಿದ್ದು ನಾಲ್ಕು ಸಾಲು. 5, 197, 198 ನಂಬರಿನ ಈ ಮೂರು ಸಾಲು ಡಿಸ್ಕ್‌ನ ಮೇಲ್ಮೈ ಹಾಳಾಗಿರುವುದನ್ನು ಹೇಳುತ್ತವೆ. ಮೂರೂ ಸೊನ್ನೆ. 199 ದಾರಿಯಲ್ಲಿ ಕೆಟ್ಟ ಮಾಹಿತಿಯ ಎಣಿಕೆ. ಅದು 1,286. ಇದಕ್ಕೆ ವಿರುದ್ಧವಾಗಿ ನಿಮ್ಮಲ್ಲಿ 5 ಮತ್ತು 197 ಏರುತ್ತಿದ್ದರೆ ಕೇಬಲ್ ಬದಲಿಸಿ ಸಮಾಧಾನಪಡಬೇಡಿ. ಅದು ಡಿಸ್ಕ್‌ನ ಕಾಯಿಲೆ. ಅವತ್ತೇ ಫೈಲ್‌ಗಳನ್ನು ಬೇರೆ ಕಡೆ ಇಳಿಸಿ.

ಕೊನೆಗೆ ಎಫ್‌ಎಸ್‌ಟ್ಯಾಬ್‌ನಲ್ಲಿ ಹ್ಯಾಶ್ ತೆಗೆದು ನೋಫೇಲ್ ಸೇರಿಸಿದೆ.

ವಿಂಡೋಸ್ ಇಟ್ಟುಕೊಂಡವರಿಗೂ ಒಂದು ಮಾತು. ಅಲ್ಲಿ ಇದೇ ಕೆಲಸ ಮಾಡುವುದು ‘ಇವೆಂಟ್ ವ್ಯೂವರ್’. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಂ. ಅಲ್ಲಿ ‘ಕರ್ನಲ್ ಪವರ್ 41’ ಅಂತ ಕಂಡರೆ ಪವರ್ ಸಪ್ಲೈ ಹೋಗಿದೆ ಅಂತ ಓಡಬೇಡಿ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅಂತ ಮಾತ್ರ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಅದಕ್ಕಿಂತ ಸ್ವಲ್ಪ ಮೊದಲಿನ ಸಾಲುಗಳಲ್ಲಿ ‘ಡಿಸ್ಕ್’ ಹೆಸರಿನ 7 ಅಥವಾ 153 ಇದೆಯೇ ನೋಡಿ. 7 ಅಂದರೆ ಕೆಟ್ಟ ಬ್ಲಾಕ್, 153 ಅಂದರೆ ಓದಲು ಬರೆಯಲು ಮತ್ತೆ ಮತ್ತೆ ಪ್ರಯತ್ನಿಸಬೇಕಾಯಿತು ಅಂತ.

ನನಗೆ ಆದ ಖರ್ಚು ಇಷ್ಟು: ಆಟೋ 240, ಚೆಕಿಂಗ್ 300, ಪೆನ್‌ಡ್ರೈವ್ 450, ಕೇಬಲ್ 150. ಒಟ್ಟು 1,140 ರೂಪಾಯಿ, ಎರಡು ರಾತ್ರಿ ನಿದ್ದೆ. ಪ್ರಬಂಧ ಶುಕ್ರವಾರ ಸಂಜೆ ಪ್ರಿಂಟ್‌ಗೆ ಹೋಯಿತು.

199ರ ಎಣಿಕೆ ಕೇಬಲ್ ಬದಲಿಸಿದರೂ ಸೊನ್ನೆಗೆ ಇಳಿಯುವುದಿಲ್ಲ. ಏರದಿದ್ದರೆ ಸಾಕು. ಪ್ರತಿ ಭಾನುವಾರ ಅದನ್ನು ನೋಡುವ ಕೆಲಸ ಮಗ ವಹಿಸಿಕೊಂಡಿದ್ದಾನೆ. ಡಬ್ಬದ ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿ ತಾರೀಖು ಸಮೇತ ಬರೆಯುತ್ತಾನೆ. ಅಕ್ಟೋಬರ್ 19, 1,286. ಅಕ್ಟೋಬರ್ 26, 1,286. ನವೆಂಬರ್ 2, 1,286.